ಗವರ್ನರ್ ಮನೆಯ ಮೋರಿ, ನಮ್ಮ ಬಂಗಲೆಯ ಒಲೆ

ಹೊಸಪೇಟೆ: ಹೊರಡುವ ಮೊದಲು

ಸಿಡ್ನಿಯಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ಮೋರಿ ನೋಡಿದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಗುತ್ತಾರೆ. ಸಮುದ್ರ ದಾಟಿ ಹೋಗಿ, ಗಾಜಿನ ಕೆಳಗೆ ದೀಪ ಹಾಕಿಟ್ಟ ಹಳೆಯ ಮೋರಿಯೊಂದನ್ನು ಬಗ್ಗಿ ಬಗ್ಗಿ ನೋಡಿ ಬಂದವರು ಹೊಸಪೇಟೆ ಸೀಮೆಯಲ್ಲಿ ಮೂವರೇ ಇರಬೇಕು. ಉಳಿದ ಇಬ್ಬರು ಗಂಡಸರು. ಅವರು ಅದನ್ನು ಮೋರಿ ಎಂದು ಒಪ್ಪುವುದಿಲ್ಲ, ‘ಪುರಾತನ ಜಲನಿರ್ಗಮನ ವ್ಯವಸ್ಥೆ’ ಎನ್ನುತ್ತಾರೆ.

ಯಾಕೆ ಹೋದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಬಾಳೆತೋಟಗಳ ಪಕ್ಕ ಒಂದು ಹಳೆಯ ಸರ್ಕಾರಿ ಬಂಗಲೆ ಇದೆ. ಮೂಲದಲ್ಲಿ ಅದು ವಿಜಯನಗರದ ಕಾಲದ ಕಲ್ಲುಮಂಟಪ. ಬ್ರಿಟಿಷರ ಕಾಲದಲ್ಲಿ ಸರ್ಕೀಟಿಗೆ ಬಂದ ಯಾವನೋ ದೊರೆಗೆ ಮಂಟಪದ ನೆರಳು ಹಿಡಿಸಿತು. ಕಂಬ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎಬ್ಬಿಸಿ, ಬಾಗಿಲು ಕಿಟಕಿ ಇಡಿಸಿ ಅದನ್ನು ಬಂಗಲೆ ಮಾಡಿದ. ಬಳ್ಳಾರಿ ಸೀಮೆಯ ಬಿಸಿಲು ಮೈಗೆ ಸಾಲದು ಎಂದೋ ಏನೋ, ಚಳಿ ಕಾಯಿಸಿಕೊಳ್ಳಲು ಗೋಡೆಯೊಳಗೆ ಒಂದು ಅಗ್ಗಿಷ್ಟಿಕೆಯನ್ನೂ ಕಟ್ಟಿಸಿದ. ಅದರಲ್ಲಿ ಬೆಂಕಿ ಹಾಕಿದವರನ್ನು ನಾನಂತೂ ನೋಡಿಲ್ಲ, ಪಾರಿವಾಳಗಳು ಸಂಸಾರ ಹೂಡಿವೆ. ಬಂಗಲೆಯ ಹಿಂದೆ, ಹೊಗೆ ದೊರೆಯ ಮೂಗಿಗೆ ಬಡಿಯದಷ್ಟು ದೂರದಲ್ಲಿ, ಎತ್ತರದ ಹೊಗೆಗೂಡಿರುವ ಒಂದು ಅಡಿಗೆಮನೆ ಇದೆ.

ಆ ಅಡಿಗೆಮನೆ ನನ್ನದು. ಕಾಗದದ ಮೇಲೆ ಅಲ್ಲ, ಕೈಯ ಲೆಕ್ಕದಲ್ಲಿ. ನನ್ನ ಅತ್ತೆಯ ಅತ್ತೆ ಅಲ್ಲಿ ದೊರೆಗಳಿಗೆ ಬೇಯಿಸಿದಳು, ನನ್ನ ಅತ್ತೆ ಸ್ವತಂತ್ರ ಭಾರತದ ಸಾಹೇಬರುಗಳಿಗೆ ಬೇಯಿಸಿದಳು. ಟಿ.ಬಿ. ಡ್ಯಾಂ ಕಡೆ ಒಳ್ಳೊಳ್ಳೆಯ ವಸತಿಗೃಹಗಳಾದ ಮೇಲೆ ಸಾಹೇಬರು ಬರುವುದು ನಿಂತಿತು, ಒಲೆ ಮಾತ್ರ ಆರಲಿಲ್ಲ. ಅದೇ ಒಲೆಯ ಮೇಲೆ ನಾನು ಖಾನಾವಳಿ ನಡೆಸುತ್ತೇನೆ. ಕಂಪ್ಲಿಯ ಭತ್ತದ ಲಾರಿಯವರು ಬರುತ್ತಾರೆ. ಯಶವಂತನಗರದ ಅದಿರು ಲಾರಿಯವರು ದಾರಿಯಲ್ಲದಿದ್ದರೂ ಸುತ್ತುಹಾಕಿ ಬರುತ್ತಾರೆ. ನನ್ನ ಜೋಳದ ರೊಟ್ಟಿ, ಎಣ್ಣೆಗಾಯಿಗೆ ಅಷ್ಟು ಹೆಸರಿದೆ.

ಇಂಥ ಹೊತ್ತಿನಲ್ಲಿ ಬಂಗಲೆಯನ್ನು ಉಳಿಸಲು ಒಂದು ಸಮಿತಿ ಹುಟ್ಟಿಕೊಂಡಿತು. ಅಧ್ಯಕ್ಷರು ಕಂಪ್ಲಿಯ ಮಲ್ಲನಗೌಡರು. ಅಕ್ಕಿ ಗಿರಣಿಯ ಮಾಲೀಕರು, ಹಣೆತುಂಬ ವಿಭೂತಿ, ಹಂಪಿಯ ಯಾವ ಕಲ್ಲು ಕಂಡರೂ ಕಣ್ಣಲ್ಲಿ ನೀರು. ಇಂಗ್ಲಿಷರ ಗೋಡೆಗಳನ್ನು ಒಡೆದು ಒಳಗಿನ ಮಂಟಪವನ್ನು ಬಿಡಿಸಬೇಕು ಎಂಬುದು ಅವರ ಹಟ. ಕಾರ್ಯದರ್ಶಿ ಸಂಡೂರಿನ ಇಂಜಿನಿಯರ್ ಪ್ರಭಾಕರ ಸಾಹೇಬರು. ಗೋಡೆ ಉಳಿಸಿ, ನೆಲಕ್ಕೆ ಟೈಲ್ಸ್ ಹಾಕಿ, ಎ.ಸಿ. ಕೂರಿಸಿ ಗಣ್ಯರ ಅತಿಥಿಗೃಹ ಮಾಡಬೇಕು ಎಂಬುದು ಇವರ ಹಟ. ಸಭೆ ಸೇರಿದಾಗೆಲ್ಲ ಇಬ್ಬರೂ ಕಿತ್ತಾಡುತ್ತಿದ್ದರು. ಒಮ್ಮತವಿದ್ದದ್ದು ಒಂದೇ ವಿಷಯಕ್ಕೆ, ಹಿಂದಿನ ಅಡಿಗೆಮನೆ ಕೆಡವಬೇಕು. ಗೌಡರಿಗೆ ಆ ಜಾಗದಲ್ಲಿ ಹೂದೋಟ ಬೇಕು, ಸಾಹೇಬರಿಗೆ ಕಾರು ನಿಲ್ಲಿಸಲು ಜಾಗ ಬೇಕು. ಯಾರು ಗೆದ್ದರೂ ಏಟು ನನ್ನ ಒಲೆಗೇ ಬೀಳುವುದಿತ್ತು.

ಸಮಿತಿಯ ಮೂರನೆಯ ಸದಸ್ಯೆ ನಾನೇ. ಒಬ್ಬ ಮಹಿಳೆ ಇರಬೇಕು, ಒಬ್ಬರು ಸ್ಥಳೀಯರು ಇರಬೇಕು ಎಂದು ನಿಯಮವಿತ್ತಂತೆ, ಎರಡು ಕುರ್ಚಿ ಯಾಕೆಂದು ಎರಡಕ್ಕೂ ನನ್ನನ್ನೇ ಕೂರಿಸಿದರು. ನಾನು ಬಿ.ಎ. ಓದಿದ್ದೇನೆ ಎಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಸಭೆಗೆ ಚಹಾ ನಾನೇ ಕಾಯಿಸಿ ತರಬಲ್ಲೆ ಎಂಬುದು ಚೆನ್ನಾಗಿ ಗೊತ್ತಿತ್ತು.

ಬೇರೆ ದೇಶದವರು ತಮ್ಮ ಬ್ರಿಟಿಷ್ ಕಾಲದ ಸರ್ಕಾರಿ ಮನೆಗಳನ್ನು ಹೇಗೆ ಕಾಪಾಡಿದ್ದಾರೆ ನೋಡಿ ಬರೋಣ ಎಂದು ಸಾಹೇಬರು ಸೂಚಿಸಿದರು. ಖರ್ಚನ್ನು ಗಣಿ ಕಂಪನಿಯೊಂದು ಹೊತ್ತುಕೊಂಡಿತು. ಬೆಟ್ಟ ಕರಗಿಸುವವರಿಗೆ ಕಲ್ಲು ಉಳಿಸುವ ಆಸೆ ಹುಟ್ಟಿದರೆ ನಾವು ಯಾಕೆ ತಡೆಯಬೇಕು? ಹಳೆಯ ಕಲ್ಲು ಕಾಪಾಡುವುದನ್ನು ಕಲಿಯಬೇಕಾದರೆ ಹಂಪಿ ಆಟೋದ ದೂರದಲ್ಲೇ ಇದೆಯಲ್ಲ ಎಂದು ಕೇಳಿದೆ.

“ಹಂಪಿ ನೋಡಿದ್ದೇ ಐತಲ್ರೀ ಗಂಗಕ್ಕ” ಎಂದರು ಗೌಡರು.

ವಾಪಸು ಬಂದ ಮೇಲೆ ಸಭೆ, ಆ ಸಭೆಯಲ್ಲಿ ಅಡಿಗೆಮನೆಯ ತೀರ್ಮಾನ ಎಂದು ಮೊದಲೇ ಗೊತ್ತಾಗಿತ್ತು. ಹಾಗಾಗಿ ನಾನು ವಿಮಾನ ಹತ್ತಿದ್ದು ಊರು ನೋಡಲು ಅಲ್ಲ. ಆ ಇಬ್ಬರ ತಲೆಗೆ ಏನಾದರೂ ಹೊಳೆಯುವಂತೆ ಮಾಡಿ ನನ್ನ ಒಲೆ ಉಳಿಸಿಕೊಳ್ಳಲು. ಒಲೆಯನ್ನು ಯಜಮಾನರ ಕೈಗೆ ಒಪ್ಪಿಸಿದೆ. ಅವರು ಮಾಡುವ ಸಾರಿಗೆ ಹೆದರಿ ಅರ್ಧ ಗಿರಾಕಿಗಳು ಆ ವಾರ ಬುತ್ತಿ ಕಟ್ಟಿಕೊಂಡು ಓಡಾಡಿದರು ಎಂದು ಆಮೇಲೆ ತಿಳಿಯಿತು.

ವಿಮಾನದಲ್ಲಿ

ಗೌಡರದು ಸೋಮವಾರದ ಉಪವಾಸ. ವಿಮಾನದಲ್ಲಿ ಯಾವಾಗ ಸೋಮವಾರ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಎಂಬುದೇ ಅವರಿಗೆ ಬಗೆಹರಿಯಲಿಲ್ಲ. ನಮ್ಮೂರಿನ ಸೋಮವಾರ ಹಿಡಿಯಬೇಕೋ ಅವರೂರಿನದೋ ಎಂದು ಗಗನಸಖಿಯನ್ನು ಕೇಳಿದರು. ಪಾಪ, ಆ ಹುಡುಗಿ ನಗುತ್ತ ಅವರಿಗೆ ಕಿತ್ತಳೆ ರಸ ಕೊಟ್ಟಳು. ಕೊನೆಗೆ ಹಸಿವು ತಡೆಯಲಾರದೆ, ಆಕಾಶದಲ್ಲಿ ವಾರವೇ ಇಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡು ನನ್ನ ಬುತ್ತಿಗೆ ಕೈ ಹಾಕಿದರು.

ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದದ್ದೇ ತಡ, ಮುಂದಿನ ಸಾಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಬೆಳ್ಳುಳ್ಳಿಯ ಘಾಟು ಹಾಗಿತ್ತು. ಸಾಹೇಬರು ಇದೊಂದನ್ನೂ ಗಮನಿಸಲಿಲ್ಲ. ಅವರು ಕಿಟಕಿಯ ಪಕ್ಕದ ಗೋಡೆಯನ್ನು ಬೆರಳಲ್ಲಿ ಟಕಟಕ ಬಡಿದು, ಇದು ಎಂಥ ಮಾಲು ಎಂದು ಪರೀಕ್ಷೆ ಮಾಡುತ್ತಿದ್ದರು. ಹೀಗೆ ಬಡಿಯಬೇಡಿ ಎಂದು ಪಕ್ಕದ ಸೀಟಿನ ಮುದುಕಿ ಕೈಸನ್ನೆ ಮಾಡಿದ ಮೇಲೆ ಸುಮ್ಮನಾದರು.

ಸಿಡ್ನಿ ವಿಮಾನ ನಿಲ್ದಾಣ

ನಮ್ಮ ಕಡೆಯವರಿಗೆ ಒಂದು ಪದ್ಧತಿಯಿದೆ. ಹಳೆಯ ಕಲ್ಲಿದ್ದ ಜಾಗಕ್ಕೆ ಬರಿಗೈಯಲ್ಲಿ ಹೋಗುವುದಿಲ್ಲ. ಅದು ದೇವರೋ, ಗಡಿಕಲ್ಲೋ, ಕುದುರೆ ಕಟ್ಟುವ ಗೂಟವೋ ಎಂದು ವಿಚಾರಿಸಲು ಹೋಗುವುದಿಲ್ಲ. ಒಂದು ಕಾಯಿ, ಒಂಚೂರು ಕುಂಕುಮ, ಇಲ್ಲವೇ ಒಂದು ನಾಣ್ಯ. ಹಂಪಿಯ ಸುತ್ತ ಹುಟ್ಟಿದವರಿಗೆ ಯಾವ ಕಲ್ಲು ಯಾವಾಗ ದೇವರಾಗುತ್ತದೆ ಎಂಬ ಭರವಸೆ ಇರುವುದಿಲ್ಲ. ಗೌಡರೂ ಹಾಗೆಯೇ ನಾವು ನೋಡಲು ಹೊರಟಿದ್ದ ಸಿಡ್ನಿಯ ಹಳೆಯ ಗವರ್ನರ್ ಮನೆಗೆಂದು ಸಿಪ್ಪೆ ಸುಲಿದ ಒಂದು ತೆಂಗಿನಕಾಯಿಯನ್ನು ಪಂಚೆಯಲ್ಲಿ ಸುತ್ತಿ ತಂದಿದ್ದರು.

ಸಾಮಾನು ತಪಾಸಣೆಯ ಕಡೆ ಒಂದು ಗಿಡ್ಡ ನಾಯಿ ಓಡಾಡುತ್ತಿತ್ತು. ಅದು ಗೌಡರ ಚೀಲದ ಬಳಿ ಬಂದು ಮೂಸಿ ಪಕ್ಕದಲ್ಲೇ ಕೂತಿತು. ಪರದೇಶದಲ್ಲಿ ಪ್ರಾಣಿಗೂ ಗುರುತು ಸಿಕ್ಕಿತಲ್ಲ ಎಂದು ಗೌಡರು ಹಿಗ್ಗಿ ಅದರ ತಲೆ ಸವರಿದರು. ಅದು ಅಲ್ಲಿಯ ಸರ್ಕಾರಿ ನೌಕರ ಎಂದು ಅವರಿಗೆ ತಿಳಿದದ್ದು, ಕೈಗವಸು ತೊಟ್ಟ ಹುಡುಗಿಯೊಬ್ಬಳು ಬಂದು ಚೀಲ ಬಿಚ್ಚಿಸಿದಾಗ. ಕಾಯಿ ಹೊರಗೆ ಬಂತು. ಅದು ದೇವರಿಗೆ ತಂದದ್ದು ಎಂದು ಸಾಹೇಬರು ಇಂಗ್ಲಿಷಿನಲ್ಲಿ ವಿವರಿಸಿದರು. ಆಕೆ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಅಷ್ಟೇ ಮರ್ಯಾದೆಯಿಂದ ಅದನ್ನು ಕಸದ ಡಬ್ಬಿಗೆ ಹಾಕಿದಳು. ಗೌಡರ ಮುಖ ಸಣ್ಣದಾಯಿತು. ಕಾಯಿ ಬಾಕಿ ಉಳಿಯಿತು, ಇದು ಒಳ್ಳೆಯದಲ್ಲ ಎಂದು ಗೊಣಗುತ್ತಲೇ ಇದ್ದರು.

ನನ್ನ ಸರದಿ ಬಂತು. ತಿನ್ನುವ ಪದಾರ್ಥ ಇದೆ ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ. ಆಕೆ ಒಣರೊಟ್ಟಿಯೊಂದನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಚಟ್ನಿಪುಡಿಯ ಡಬ್ಬಿ ಮೂಸಿ ಮೂರು ಸಲ ಸೀನಿದಳು. ಆಮೇಲೆ ಎರಡನ್ನೂ ವಾಪಸು ಕೊಟ್ಟು, ಒಳಗೆ ಹೋಗಿ ಎಂದಳು.

ಸಿಕ್ಕಿಬಿದ್ದದ್ದು ಸಾಹೇಬರು. ಅವರ ಬೂಟಿನ ಅಂಚಿಗೆಲ್ಲ ಸಂಡೂರಿನ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಇದು ಎಲ್ಲಿಯ ಮಣ್ಣು ಎಂದು ವಿಚಾರಣೆ ನಡೆಯಿತು. ಬೂಟು ಬಿಚ್ಚಿಸಿ ಒಳಗೆ ಒಯ್ದು, ಬ್ರಷ್ಷಿನಲ್ಲಿ ತಿಕ್ಕಿ, ಔಷಧಿ ನೀರಲ್ಲಿ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಹಡಗುಗಟ್ಟಲೆ ಆ ಮಣ್ಣು ನಮ್ಮ ಬೆಟ್ಟ ಬಿಟ್ಟು ಪರದೇಶಕ್ಕೆ ಹೋದಾಗ ಯಾವ ನಾಯಿಯೂ ಮೂಸಲಿಲ್ಲ. ಬೂಟಿಗಂಟಿದ ಚಿಟಿಕೆ ಮಣ್ಣಿಗೆ ಇಷ್ಟು ಉಪಚಾರವಾಯಿತು. ಸಾಹೇಬರು ಸಾಕ್ಸಿನ ಕಾಲಲ್ಲೇ ಟ್ಯಾಕ್ಸಿ ಹತ್ತಿ, ಬೂಟು ಇಷ್ಟು ಸ್ವಚ್ಛ ಆಗಿದ್ದು ಕೊಂಡ ದಿನವಷ್ಟೇ ಎಂದು ಒಪ್ಪಿಕೊಂಡರು.

ಗವರ್ನರ್ ಮನೆ

ಮರುದಿನ ಗವರ್ನರ್ ಮನೆ ನೋಡಲು ಹೋದೆವು. ಇಂಗ್ಲಿಷರು ಆ ದೇಶಕ್ಕೆ ಬಂದಿಳಿದಾಗ ಅವರ ಮೊದಲ ಗವರ್ನರ್ ಕಟ್ಟಿಸಿಕೊಂಡ ಮನೆ, ಅಲ್ಲಿಂದಲೇ ದೇಶ ಆಳಿದ ಮನೆ ಎಂದು ಸಾಹೇಬರು ಓದಿಕೊಂಡು ಬಂದಿದ್ದರು. ಸುತ್ತ ಆಕಾಶಕ್ಕೆ ಮುಟ್ಟುವ ಗಾಜಿನ ಕಟ್ಟಡಗಳು, ನಡುವೆ ಕಲ್ಲು ಹಾಸಿದ ಬಯಲು. ನಾವು ಮೂವರೂ ಬಯಲಲ್ಲಿ ನಿಂತು ಮನೆ ಹುಡುಕಿದೆವು.

ನಮಗೆ ತೋರಿಸಲು ಬಂದವಳ ಹೆಸರು ಹೆಲೆನ್. ನನಗಿಂತ ತುಸು ಹಿರಿಯಳು, ಮೊಟಕು ಬಿಳಿಕೂದಲು, ಕೊರಳಿಗೆ ದಾರದಲ್ಲಿ ನೇತುಬಿದ್ದ ಕನ್ನಡಕ. ಮಾತು ಶುರುಮಾಡುವ ಮೊದಲು ಏನೋ ಮಂತ್ರದ ಹಾಗೆ ನಾಲ್ಕು ಮಾತು ಹೇಳಿದಳು. ಈ ಜಾಗದ ಮೂಲ ಒಡೆಯರಿಗೆ, ಇಂಗ್ಲಿಷರಿಗಿಂತ ಮೊದಲು ಇಲ್ಲಿದ್ದವರಿಗೆ, ನಮಸ್ಕಾರ ಹೇಳುತ್ತಿದ್ದಾಳೆ ಎಂದು ಸಾಹೇಬರು ತಿಳಿಸಿದರು. ಗೌಡರು ತಕ್ಷಣ ಕೈಮುಗಿದು ಸುತ್ತ ನೋಡಿದರು.

“ಎಲ್ಲಿದಾರ್ರೀ ಅವರು?”

ಸಾಹೇಬರು ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಕೇಳಿಬಿಟ್ಟರು. ಹೆಲೆನ್ ಕೊರಳಿನ ಕನ್ನಡಕ ಮುಟ್ಟಿಕೊಂಡಳು. ಅದು ದೊಡ್ಡ ಪ್ರಶ್ನೆ ಎಂದು ಹೇಳಿ ಮುಂದೆ ನಡೆದಳು.

ಭೂಮಿ ತಮ್ಮಲ್ಲೇ ಇಟ್ಟುಕೊಂಡು ಒಡೆಯರಿಗೆ ದಿನಾ ನಮಸ್ಕಾರ ಹೇಳುವುದು ನನಗೆ ಮೊದಲು ನಗು ತರಿಸಿತು. ಆಮೇಲೆ ನಮ್ಮ ಖಾನಾವಳಿಗೆ ಬರುವ ಮುದುಕರೊಬ್ಬರ ನೆನಪಾಯಿತು. ಅವರ ಅಪ್ಪನ ಊರು ಡ್ಯಾಮಿನ ನೀರಿನ ಅಡಿ ಇದೆ. ಬೇಸಗೆಯಲ್ಲಿ ನೀರು ಇಳಿದಾಗ ಅವರು ಹೋಗಿ ದಂಡೆಯಲ್ಲಿ ಕೂತು, ಬರುವಾಗ ನನ್ನಲ್ಲಿ ಊಟ ಮಾಡುತ್ತಾರೆ. ಆ ನೀರಿನಲ್ಲಿ ಬೆಳೆದ ಅಕ್ಕಿ ಉಣ್ಣುವ ನಾವು ಯಾರೂ ಅವರಿಗೆ ಬಾಯಿಮಾತಿನ ನಮಸ್ಕಾರವನ್ನೂ ಹೇಳಿಲ್ಲ. ನಾನೂ ಹೇಳಿಲ್ಲ. ಆ ಹೊತ್ತಿಗೆ ನನ್ನ ನಗು ನಿಂತಿತ್ತು.

ಒಳಗೆ ಹೋದರೆ ನೆಲದಲ್ಲಿ ಗಾಜು. ಗಾಜಿನ ಕೆಳಗೆ ದೀಪ, ದೀಪದ ಬೆಳಕಲ್ಲಿ ಒಂದಿಷ್ಟು ಅಡಿಪಾಯದ ಕಲ್ಲು, ಇಟ್ಟಿಗೆ, ಆ ಮೋರಿ. ಹೆಲೆನ್ ಹೇಳಿದ್ದರ ಸಾರ ಇಷ್ಟು: ಆ ಮನೆಯನ್ನು ಅವರ ಸರ್ಕಾರವೇ ಎಷ್ಟೋ ಕಾಲದ ಹಿಂದೆ ಕೆಡವಿತು. ಮೇಲೆ ರಸ್ತೆ ಬಂತು, ಜನ ಮರೆತರು. ದೊಡ್ಡ ಕಟ್ಟಡ ಕಟ್ಟಲು ಹೊರಟಾಗ ಅಗೆದು ನೋಡಿದರೆ ಬುಡ ಸಿಕ್ಕಿತು. ಜನರೆಲ್ಲ ಕೂಗೆಬ್ಬಿಸಿ, ಆ ಬುಡವನ್ನು ಗಾಜು ಹೊದಿಸಿ ಉಳಿಸಿಕೊಂಡರು.

“ಅಲ್ರೀ, ನಮ್ಮಲ್ಲಿ ಬಂಗ್ಲೆ ಇಡೀದು ನಿಂತೈತಿ, ಕೆಡವಾಕ ಕುಂತೀವಿ. ಇವ್ರು ಕೆಡವಿ ಮೋರಿಗೆ ಗಾಜು ಹಾಕ್ಯಾರ” ಎಂದು ಗೌಡರು ನನ್ನ ಕಿವಿಯಲ್ಲಿ ಹೇಳಿದರು. ಆ ಪ್ರವಾಸದಲ್ಲಿ ಅವರು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ, ಅದರ ಅರ್ಥವೇನೆಂದು ಅವರು ಯೋಚಿಸಲು ಹೋಗಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಅವರು ಚಪ್ಪಲಿ ಬಿಟ್ಟಿದ್ದರು. ಕೆಳಗಿನಿಂದ ದೀಪದ ಬೆಳಕು, ಒಳಗೆ ಹಳೆಯ ಕಲ್ಲು. ನಮ್ಮ ಕಡೆಯ ಮನುಷ್ಯ ಇನ್ನೇನು ಮಾಡಿಯಾನು? ಗೌಡರು ಬರಿಗಾಲಲ್ಲಿ ಗಾಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಜೇಬಿನಿಂದ ನಾಣ್ಯ ತೆಗೆದು ಗಾಜಿನ ಮೇಲಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡರು. ಕಾಯಿ ಬಾಕಿ ಇದೆ, ಮುಂದೆ ತೀರಿಸುತ್ತೇನೆ ಎಂದು ಬೇಡಿಕೊಂಡದ್ದು ನನಗೆ ಕೇಳಿಸಿತು. ನಮ್ಮ ಹಿಂದೆ ನಿಂತಿದ್ದ ಯಾವುದೋ ದೇಶದ ಗಂಡಹೆಂಡತಿ ಇದನ್ನು ನೋಡಿ, ಇಲ್ಲಿಯ ನಿಯಮವೇ ಹೀಗೆ ಎಂದುಕೊಂಡು ತಾವೂ ಬೂಟು ಬಿಚ್ಚಿದರು. ಅವರನ್ನು ನೋಡಿ ಇನ್ನೊಬ್ಬರು ನಾಣ್ಯ ಇಟ್ಟರು. ನಾವು ಹೊರಡುವ ಹೊತ್ತಿಗೆ ಗೋಡೆಯ ಬದಿಗೆ ಜೋಡುಗಳ ಸಾಲೇ ನಿಂತಿತ್ತು, ಕಾವಲಿನವನು ತಲೆ ಕೆರೆದುಕೊಳ್ಳುತ್ತಿದ್ದ.

ಗಾಜಿನಾಚೆಯ ಪೆಟ್ಟಿಗೆಗಳಲ್ಲಿ ಅಗೆದಾಗ ಸಿಕ್ಕ ವಸ್ತುಗಳಿದ್ದವು. ಒಡೆದ ಪಿಂಗಾಣಿ ಚೂರು, ಸೀಸೆಯ ಕುತ್ತಿಗೆ, ಎಲುಬು. ನೀಲಿ ಹೂವಿನ ಪಿಂಗಾಣಿ ಚೂರು ನೋಡಿ ನಾನು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದೆ. ಹೋದ ವರ್ಷ ನಮ್ಮ ಅಡಿಗೆಮನೆಯ ಹಿಂದೆ ಶೌಚದ ಗುಂಡಿ ತೆಗೆಸಿದಾಗ ಇಂಥವೇ ಬುಟ್ಟಿಗಟ್ಟಲೆ ಬಂದಿದ್ದವು. ಸಾಹೇಬರೇ ನಿಂತು ಅವನ್ನು ಟ್ರ್ಯಾಕ್ಟರಿಗೆ ತುಂಬಿಸಿ, ರಸ್ತೆಯ ಗುಂಡಿಗೆ ಹಾಕಿಸಿದ್ದರು. ಈಗ ಅವರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು.

ಮೆಟ್ಟಿಲ ಮೇಲೆ ಊಟ

ಮಧ್ಯಾಹ್ನ ಹೆಲೆನ್ ನಮ್ಮೊಂದಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಆ ಊರಿನವರು ಉಣ್ಣುವುದು ಹೀಗೆ. ಕಚೇರಿಯಿಂದ ಬಂದು, ಒಬ್ಬೊಬ್ಬರೇ ದೂರ ದೂರ ಕೂತು, ತಣ್ಣನೆಯ ಸೊಪ್ಪನ್ನು ಡಬ್ಬಿಯಿಂದ ಚುಚ್ಚಿ ಚುಚ್ಚಿ ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಾರೆ. ಪಕ್ಕದವರಿಗೆ ಬರ್ರಿ, ಊಟ ಮಾಡ್ರಿ ಎನ್ನುವುದಿಲ್ಲ. ನನಗೆ ತಡೆಯಲಾಗಲಿಲ್ಲ. ಹೆಲೆನ್‌ಳ ಕೈಗೆ ಒಂದು ರೊಟ್ಟಿ, ಮೇಲೆ ಚಟ್ನಿಪುಡಿ, ಎಣ್ಣೆ ಹಾಕಿ ಕೊಟ್ಟೆ. ಆಕೆ ಕಣ್ಣಲ್ಲಿ ನೀರು ಸುರಿಸಿಕೊಂಡೇ ಪೂರ್ತಿ ತಿಂದಳು.

ಇನ್ನೊಂದು ರೊಟ್ಟಿ ತೆಗೆದಿಟ್ಟೆ. ಉದ್ದ ಕೊಕ್ಕಿನ ಬಿಳಿ ಹಕ್ಕಿಯೊಂದು ಬಂದು ಅದನ್ನು ಕಚ್ಚಿಕೊಂಡು ನಡೆದೇಬಿಟ್ಟಿತು. ಕಂಪ್ಲಿಯ ಭತ್ತದ ಗದ್ದೆಯಲ್ಲಿ ಇದೇ ಜಾತಿಯ ಹಕ್ಕಿ ಎಷ್ಟು ಸಂಭಾವಿತವಾಗಿ ಹುಳ ಹೆಕ್ಕುತ್ತದೆ. ಇಲ್ಲಿ ಬಂದು ಕಸದ ಡಬ್ಬಿಗೆ ಬಿದ್ದು ಕೆಟ್ಟಿದೆ ಎಂದು ಗೌಡರು ಮರುಗಿದರು.

ಹೆಲೆನ್ ಮಾತು ತೆಗೆದಳು. ಗವರ್ನರುಗಳ ವಿಷಯ ಪುಸ್ತಕದಲ್ಲಿ ಎಷ್ಟು ಬೇಕಾದರೂ ಇದೆ, ಆ ಮನೆಯಲ್ಲಿ ಬೇಯಿಸಿದವರ, ತೊಳೆದವರ ವಿಷಯ ನೆಲದಲ್ಲಿ ಮಾತ್ರ ಇತ್ತು, ಅದಕ್ಕೇ ತನಗೆ ಆ ಎಲುಬು, ಚೂರುಗಳ ಮೇಲೆ ಅಷ್ಟು ಪ್ರೀತಿ ಎಂದಳು. ನಿಮ್ಮ ಬಂಗಲೆಗೂ ಅಡಿಗೆಮನೆ ಇತ್ತೇ ಎಂದು ಕೇಳಿದಳು. ಸಾಹೇಬರು ಬಾಯಿ ತೆರೆಯುವ ಮೊದಲು ನನಗೆ ಬರುವ ಇಂಗ್ಲಿಷಿನಲ್ಲಿ ನಾನೇ ಉತ್ತರ ಹೇಳಿದೆ. ಇದೆ. ಆ ಒಲೆಯಲ್ಲಿ ಕೊನೆಯ ಸಲ ಬೆಂಕಿ ಉರಿದದ್ದು ಯಾವಾಗ ಎಂದಳು. ಇವತ್ತು ಬೆಳಿಗ್ಗೆ ಎಂದೆ.

ಆಕೆಗೆ ಅರ್ಥವಾಗಲಿಲ್ಲ. ನಾನು ಮೊಬೈಲಿನಲ್ಲಿ ಯಜಮಾನರಿಗೆ ವಿಡಿಯೋ ಕರೆ ಮಾಡಿದೆ. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಯಜಮಾನರು ಬನಿಯನ್ನಿನಲ್ಲಿ, ಮುಖವೆಲ್ಲ ಮಸಿ ಮಾಡಿಕೊಂಡು ಒಲೆ ಊದುತ್ತಿದ್ದರು. ಹಿಂದೆ ದೊರೆಯ ಕಾಲದ ಹೊಗೆಗೂಡು, ಕರಿ ಹಿಡಿದ ಕಮಾನು, ನನ್ನ ಅತ್ತೆ ಹಿಟ್ಟು ತಟ್ಟಿ ತಟ್ಟಿ ತಗ್ಗು ಬಿದ್ದ ಕಲ್ಲು. ಹೆಲೆನ್ ಕನ್ನಡಕ ಏರಿಸಿಕೊಂಡು ನೋಡಿದಳು. ಈ ಸಲ ಆಕೆಯ ಕಣ್ಣಲ್ಲಿ ಬಂದ ನೀರು ಚಟ್ನಿಯದಲ್ಲ. ಇದನ್ನು ಮಾತ್ರ ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ ಎಂದು ಗೌಡರ ಕೈ ಹಿಡಿದು ಹೇಳಿದಳು.

ಬಿಳಿಯ ಹೆಂಗಸೊಬ್ಬಳು ನಮ್ಮ ಮಸಿಗೆ ಅತ್ತದ್ದು ಗೌಡರನ್ನು ತಟ್ಟಿತು. ವಾಪಸು ಬಸ್ಸಿನಲ್ಲಿ ಅವರು ನನ್ನ ಕಡೆ ತಿರುಗಿದರು.

“ಗಂಗಕ್ಕ, ನಿಮ್ಮ ಒಲಿ ಭಾಳ ದೊಡ್ಡದೈತ್ರಿ. ನಮಗ ಗೊತ್ತಾಗಿದ್ದಿಲ್ಲ. ಅದನ್ನ ಮುಟ್ಟಾಂಗಿಲ್ಲ.”

ಸಾಹೇಬರೂ ಹೌದೆಂದರು. ನನ್ನ ಹೊಟ್ಟೆ ತಣ್ಣಗಾಯಿತು. ಆ ಊರಿನಲ್ಲಿ ಬಸ್ಸಿನಿಂದ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮಲ್ಲಿ ಹಾಗೆ ಹೇಳಿದರೆ, ಇವನಿಗೆ ಚಿಲ್ಲರೆ ಬಾಕಿ ಬರಬೇಕೇನೋ ಎಂದು ಕಂಡಕ್ಟರು ಅನುಮಾನಪಟ್ಟಾನು. ಆ ದಿನ ನಾನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿ ಇಳಿದೆ.

ಮತ್ತೆ ಹೊಸಪೇಟೆ

ಸಭೆ ನಡೆಯಿತು. ಅಡಿಗೆಮನೆ ಕೆಡವಬಾರದು ಎಂಬ ನಿರ್ಣಯಕ್ಕೆ ಮೂವರೂ ಕೈ ಎತ್ತಿದೆವು, ನಾನು ಎರಡೂ ಕೈ ಎತ್ತಿದೆ. ಆಮೇಲೆ ಸಾಹೇಬರು ನಿರ್ಣಯದ ಉಳಿದ ಭಾಗ ಓದಿದರು. ಇಷ್ಟು ಅಮೂಲ್ಯವಾದ ಒಲೆಗೆ ಬೆಂಕಿಯಿಂದ ಹಾನಿಯಾಗುತ್ತದೆ. ಹೊಗೆಯಿಂದ ಕಮಾನು ಹಾಳಾಗುತ್ತದೆ. ಆದ್ದರಿಂದ ಅಡಿಗೆ ನಿಲ್ಲಿಸಿ, ಮಸಿ ತೊಳೆದು, ಒಲೆಗೆ ಸಿಡ್ನಿಯ ಮಾದರಿಯಲ್ಲಿ ಗಾಜು ಹಾಕಿ, ಒಳಗೆ ದೀಪ ಇಡತಕ್ಕದ್ದು.

ಎತ್ತಿದ್ದ ಎರಡು ಕೈಯನ್ನೂ ನಾನು ಇಳಿಸಿದೆ.

“ಒಲಿ ಉಳೀತಲ್ರೀ ಗಂಗಕ್ಕ. ಮತ್ತೇನು ಬೇಕು ನಿಮಗ?” ಎಂದು ಗೌಡರು ನಿಜವಾಗಿಯೂ ಅರ್ಥವಾಗದೆ ಕೇಳಿದರು. ಕೆಡವಲು ಹೊರಟಾಗ ಅವರ ಮೇಲೆ ಬಂದಿದ್ದ ಸಿಟ್ಟಿಗಿಂತ ಆ ಪ್ರಶ್ನೆಗೆ ಬಂದ ಸಿಟ್ಟು ದೊಡ್ಡದು. ಕೆಡವಿದ್ದರೆ ಕಲ್ಲಾದರೂ ಹೊತ್ತು ಬೇರೆ ಕಡೆ ಒಲೆ ಹೂಡುತ್ತಿದ್ದೆ. ಈಗ ನನ್ನ ಒಲೆಯನ್ನು ನಾನೇ ಸಾಲಿನಲ್ಲಿ ನಿಂತು ಗಾಜಿನಾಚೆಯಿಂದ ನೋಡಬೇಕು. ಹಳೆಯದು ಉಳಿಯಬೇಕು, ಉಳಿಸಿಕೊಂಡು ಬಂದವರು ಮಾತ್ರ ಜಾಗ ಖಾಲಿ ಮಾಡಬೇಕು. ಅವತ್ತು ರೊಟ್ಟಿ ತಟ್ಟುತ್ತ ನಾನು ಅತ್ತುಬಿಟ್ಟೆ.

ಮುಂದಿನದೆಲ್ಲ ಬೇಗ ಬೇಗ ಆಯಿತು. ಮಸಿ ತೊಳೆದರು, ಗಾಜು ಕೂರಿಸಿದರು. ಬರಿ ಒಲೆ ಬಿಕೋ ಎನ್ನುತ್ತದೆ ಎಂದು ಅದರ ಮುಂದೆ, ಗಾಜಿನ ಒಳಗೇ, ರೊಟ್ಟಿ ತಟ್ಟುವ ಸಿಮೆಂಟಿನ ಹೆಂಗಸನ್ನು ಮಾಡಿಸಿದರು. ಮಾದರಿಗೆ ಶಿಲ್ಪಿಗೆ ಕೊಟ್ಟದ್ದು ಸಿಡ್ನಿಯ ಮೆಟ್ಟಿಲ ಮೇಲೆ ನಾನೂ ಹೆಲೆನ್ನೂ ಕೂತ ಫೋಟೊ. ಆತನಿಗೆ ಯಾರನ್ನು ನೋಡಿ ಮಾಡಬೇಕೆಂದು ಯಾರೂ ಹೇಳಲಿಲ್ಲ. ಹಾಗಾಗಿ ಸಿಮೆಂಟಿನ ಹೆಂಗಸಿಗೆ ಹೆಲೆನ್‌ಳ ಚೂಪು ಮೂಗು, ಅದರ ಮೇಲೆ ನನ್ನ ಮೂಗುಬೊಟ್ಟು.

ಉದ್ಘಾಟನೆಯ ದಿನ ಗೌಡರು ರಿಬ್ಬನ್ ಕತ್ತರಿಸಿದರು. ಗಾಜು, ಒಳಗೆ ದೀಪ, ಹಳೆಯ ಕಲ್ಲು. ಅವರ ಕಾಲು ತಾನಾಗಿಯೇ ಚಪ್ಪಲಿ ಬಿಟ್ಟಿತು. ಸಿಡ್ನಿಯ ಕಾಯಿ ಬಾಕಿ ಇತ್ತಲ್ಲ, ಅಂಗಡಿಯಿಂದ ಒಂದು ಕಾಯಿ ತರಿಸಿ ಹೊಸ್ತಿಲಿಗೆ ಒಡೆದೇಬಿಟ್ಟರು. ಹಂಪಿ ಸೀಮೆಯಲ್ಲಿ ಒಂದು ಕಲ್ಲಿನ ಮುಂದೆ ಅಧ್ಯಕ್ಷರೇ ಕಾಯಿ ಒಡೆದರೆ ಇನ್ನು ಯಾರು ಸುಮ್ಮನಿರುತ್ತಾರೆ? ಮರುದಿನ ಬಾಗಿಲಲ್ಲಿ ಊದುಬತ್ತಿ ಇತ್ತು. ಅದರಾಚೆ ಒಂದು ದಿನ ಸಂಡೂರಿನ ಇಳಿಜಾರಲ್ಲಿ ಲಾರಿಯ ಬ್ರೇಕು ತಪ್ಪಿಯೂ ಬದುಕಿ ಬಂದ ನನ್ನ ಹಳೆಯ ಗಿರಾಕಿಯೊಬ್ಬ, ಸಮಿತಿ ಇಟ್ಟಿದ್ದ ಕಾವಲಿನವನಿಂದ ಗಾಜು ಸರಿಸಿಸಿ ಸಿಮೆಂಟಿನ ಹೆಂಗಸಿಗೆ ಹಸಿರು ಸೀರೆ ಉಡಿಸಿದ. ತಿಂಗಳು ತುಂಬುವುದರೊಳಗೆ ಆಕೆಗೆ ಒಲೆವ್ವ ಎಂದು ಹೆಸರು ಬಿತ್ತು. ಕರ್ಪೂರದ ಹೊಗೆಗೆ ಕಮಾನು ಮತ್ತೆ ಕರಿ ಹಿಡಿಯಿತು. ಶಾಖಕ್ಕೆ ಗಾಜು ಸೀಳು ಬಿಟ್ಟಿತು, ಸಾಹೇಬರೇ ನಿಂತು ಅದನ್ನು ತೆಗೆಸಿದರು.

ಕೊನೆಗೆ ನೈವೇದ್ಯದ ಪ್ರಶ್ನೆ ಬಂತು. ಒಲೆಯ ಅವ್ವನಿಗೆ ಹೋಟೆಲಿನಿಂದ ತಂದು ಎಡೆ ಇಡಲಾಗುತ್ತದೆಯೇ? ಆ ಒಲೆಯಲ್ಲೇ ಬೇಯಬೇಕು ಎಂದು ಜನ ಪಟ್ಟು ಹಿಡಿದರು. ನಿರ್ಣಯದಲ್ಲಿ ಅಡಿಗೆಗೆ ಅಡ್ಡಿಯಿತ್ತು, ನೈವೇದ್ಯಕ್ಕೆ ಅಡ್ಡಿ ಹೇಳುವ ಧೈರ್ಯ ಸಮಿತಿಗೆ ಇರಲಿಲ್ಲ. ಒಂದು ಬೆಳಿಗ್ಗೆ ಗೌಡರು ನಮ್ಮ ಮನೆಗೆ ಬಂದು, ಕುಂದ್ರಿ ಎಂದರೂ ಕೂರದೆ ನಿಂತೇ ಮಾತಾಡಿದರು.

“ಗಂಗಕ್ಕ, ಅವ್ವಗ ನೀವೇ ಮಾಡಿ ಹಾಕ್ಬೇಕ್ರಿ. ಬ್ಯಾರೆಯವ್ರ ಕೈಯಾಗ ಆಗಾಂಗಿಲ್ಲ.”

ಎಷ್ಟು ಮಂದಿಗೆ ಎಂದು ಕೇಳಿದೆ.

“ಅವ್ವನ ಹೆಸರ್ಲೆ ಬಂದೋರಿಗೆಲ್ಲ.”

ಈಗ ಅಡಿಗೆಮನೆಗೆ ಖಾನಾವಳಿ ಎಂಬ ಹೆಸರಿಲ್ಲ, ನನ್ನದು ಊಟವಲ್ಲ, ಪ್ರಸಾದ. ಒಲೆ ಮೊದಲಿನ ಹಾಗೆಯೇ ಉರಿಯುತ್ತದೆ. ಅತ್ತೆಯ ಕಲ್ಲಿನ ಮೇಲೆ ನಾನು ರೊಟ್ಟಿ ತಟ್ಟುತ್ತೇನೆ, ಪಕ್ಕದಲ್ಲಿ ಹಸಿರು ಸೀರೆಯುಟ್ಟು ಒಲೆವ್ವ ಸುಮ್ಮನೆ ತಟ್ಟುತ್ತಿರುತ್ತಾಳೆ. ಮೂರು ತಲೆಮಾರು ಇಲ್ಲಿ ಬೆವರು ಸುರಿಸಿ ಬೇಯಿಸಿದ ಹೆಂಗಸರಿಗೆ ಯಾರೂ ಕೈಮುಗಿದದ್ದಿಲ್ಲ ಎಂದು ಒಮ್ಮೊಮ್ಮೆ ಸಂಕಟವಾಗುತ್ತದೆ. ಆಗ ಒಲೆವ್ವನ ಮುಖ ನೋಡುತ್ತೇನೆ, ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡ ಹೆಲೆನ್ ನೆನಪಾಗುತ್ತಾಳೆ.

ಹಸಿರು ಸೀರೆ ಉಡಿಸಿದ ಆ ಲಾರಿಯವನೇ ನಿನ್ನೆ ಬಂದಿದ್ದ. ಜೋಡು ಹೊರಗೆ ಬಿಟ್ಟು, ಸಿಮೆಂಟಿನ ಪಾದಕ್ಕೆ ಉದ್ದಕ್ಕೂ ಅಡ್ಡಬಿದ್ದು, ಕಣ್ಣು ಮುಚ್ಚಿ ಏನೇನೋ ಬೇಡಿಕೊಂಡ. ಎದ್ದು ಹಣೆಯ ಕುಂಕುಮ ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತ. ತಟ್ಟೆ ನನ್ನ ಕಡೆ ತಳ್ಳಿದ.

“ಅಕ್ಕ, ಜಲ್ದಿ ಎರಡು ರೊಟ್ಟಿ ಹಾಕ್ರಿ. ಮೊನ್ನೀವು ಸೀದಿದ್ವು.”